ತುದಿ ಸವರಬೇಡ, ಅಕ್ಕ

ಅಕ್ಕ,

ನಿನ್ನ ಕಾಗದ ಬಂದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನು ಮಾಡಿದರೆ "ಬಂದ ನೋಡು, ಭತ್ತದ ಪಂಡಿತ" ಎಂದು ಬೈದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಅಕ್ಷರ, ಹೇಗೋ ಓದಿಕೋ.

ನಾನು ಕಳಿಸಿದ ಬೀಜದ ಸಸಿಗಳಲ್ಲಿ ಎಲೆತುದಿ ಹಳದಿಯಾಗಿ ಒಣಗುತ್ತಿದೆ, ನಾಟಿಗೆ ಮೊದಲು ಕುಡುಗೋಲಿನಿಂದ ಸವರಿಬಿಡುತ್ತೇನೆ ಎಂದಿದ್ದೀಯ. ಬೇಡ ಅಕ್ಕ. ಊರಲ್ಲಿ ಎಲ್ಲರೂ ಸವರುತ್ತಾರೆ, ಅಮ್ಮನೂ ಸವರುತ್ತಿದ್ದಳು, ಗೊತ್ತು. ಆದರೆ ಇಲ್ಲಿ ನಾನ್ನಿಂಗ್ ಪಟ್ಟಣದ ಭತ್ತದ ತಳಿ ಕೇಂದ್ರದಲ್ಲಿ ನನ್ನ ಕೂಲಿ ಕೆಲಸವೇ ಅದು. ಬ್ಯಾಕ್ಟೀರಿಯಾ ಕಲಸಿದ ನೀರಿನಲ್ಲಿ ಕತ್ತರಿ ಅದ್ದಿ ಎಲೆತುದಿ ಕತ್ತರಿಸುತ್ತೇನೆ. ಬೇಕೆಂದೇ ರೋಗ ಅಂಟಿಸಿ, ಯಾವ ಪೈರು ತಡೆಯುತ್ತದೆ ಎಂದು ನೋಡುತ್ತಾರೆ. ನಿನ್ನ ಕುಡುಗೋಲು ರೋಗದ ಸಸಿ ಮುಟ್ಟಿ ಮುಂದಿನದಕ್ಕೆ ಹೋದರೆ ಅಲ್ಲೂ ಅದೇ ಆಗುತ್ತದೆ.

ರೋಗ ತಡೆಯುವ ತಳಿ ಅಂದೆಯಲ್ಲೋ ಎಂದು ಕೇಳುತ್ತೀಯ. ನಾನೂ ಹುವಾಂಗ್ ಮೇಡಂ ಅವರನ್ನು ಅದನ್ನೇ ಕೇಳಿದೆ. ಕಾಡುಭತ್ತದಿಂದ ರೋಗ ತಡೆಯುವ ವಂಶವಾಹಿಯನ್ನು ಈ ತಳಿಗೆ ತಂದವರು ಅವರೇ. "ಅದು ಹುಟ್ಟಿನಿಂದಲೇ ಒಳಗಿರುತ್ತೆ ಕಣಪ್ಪ, ಎಳೇ ಸಸೀಲಿ ಕಸುವು ಸಾಲಲ್ಲ. ಗಿಡ ಬಲಿತ ಮೇಲೆ ರೋಗಾನ ತಡೆದು ನಿಲ್ಸುತ್ತೆ" ಅಂದರು. ಮತ್ತೆ ಕೇಳಿದೆ. ಮತ್ತೂ ಕೇಳಿದೆ. "ಚಿಂತೆ ತಡೆಯೋ ವಂಶವಾಹಿ ಸಿಕ್ಕಿದ್ರೆ ಮೊದಲು ನಿನಗೇ ಹಾಕ್ತೀನಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಿನ್ನ ಗದ್ದೆಯ ನೀರು ಕೆಳಗಿನ ಲುವೊ ಮಾವನ ಗದ್ದೆಗೆ ಇಳಿಯುತ್ತದೆ ಎಂಬುದು ಮೇಡಂಗೇನು ಗೊತ್ತು? ಭಾವ ತೀರಿಕೊಂಡ ಮೇಲೆ ನಿನ್ನ ನಾಟಿಗೆ ಕೈಹಾಕುವವರು ಆ ಮನೆಯವರೇ. ರೋಗ ಅವರ ಪೈರಿಗೆ ಇಳಿದರೆ ಮುಂದಿನ ವರ್ಷ ಯಾರು ಬರುತ್ತಾರೆ? ಇದೇ ನನ್ನ ತಲೆ ತಿನ್ನುತ್ತಿದೆ. ಎಲ್ಲವನ್ನೂ ಕಿತ್ತು ಹೂತುಬಿಡು ಎಂದು ಬರೆಯಲು ಹೊರಡುತ್ತೇನೆ. ಅಷ್ಟರಲ್ಲಿ ಇಲ್ಲಿ ಇದೇ ತಳಿಯ ಬಲಿತ ಸಾಲು ಕಣ್ಣಿಗೆ ಬೀಳುತ್ತದೆ. ನಾನೇ ಕತ್ತರಿಸಿದ ಎಲೆಯಲ್ಲಿ ಒಣಗಿದ ಗುರುತು ಉಗುರಿನಷ್ಟು ಇಳಿದು ನಿಂತುಹೋಗಿದೆ. ಪಕ್ಕದ ತಳಿಯಲ್ಲಿ ಬುಡದವರೆಗೂ ಒಣಗಿದೆ.

ಅದಕ್ಕೆ, ರೋಗ ಕಂಡ ಸಸಿಗಳನ್ನು ಬೇರುಸಹಿತ ಕಿತ್ತು ದೂರದಲ್ಲಿ ಹೂಳು. ಉಳಿದದ್ದನ್ನು ಸವರದೆ ನೆಡು. ಉದ್ದದ ಎಲೆ ಬಾಗಿದರೆ ಬಾಗಲಿ, ನಾಟಿಗೆ ಬಂದ ಹೆಂಗಸರು ನಕ್ಕರೆ ನಗಲಿ. ಸ್ವಲ್ಪ ದಿನ ಕೆಳಗಿನ ಗದ್ದೆಗೆ ನೀರು ಇಳಿಯುವ ಮಡೆ ಕಟ್ಟಿಡು. ಲುವೊ ಮಾವ ಕೇಳಿದರೆ ಬೀಜ ನನ್ನದೆಂದು ಹೇಳು. ಕೆಟ್ಟರೆ ಬೈಗುಳ ನನಗಿರಲಿ.

ರಜ ಸಿಕ್ಕರೆ ನಾಟಿಗೆ ಬರುತ್ತೇನೆ. ಸಿಗದಿದ್ದರೂ ಬರುತ್ತೇನೆ. ರೋಗ ಅಂಟಿರಬಹುದಾದ ಇಲ್ಲಿಯ ಬಟ್ಟೆ, ಬೂಟು ಇಲ್ಲೇ ಬಿಟ್ಟು ಬರುತ್ತೇನೆ, ಹೆದರಬೇಡ.

ನಿನ್ನ ಗದ್ದೆಯ ನೀರನ್ನು ಕೆಳಗಿನವರು ಅಂಜದೆ ಹಾಯಿಸಿಕೊಳ್ಳುವಂತಾಗಲಿ.

ಬಸ್ಸಿನ ಹೊತ್ತು ವಿಚಾರಿಸಲು ಹೊರಟಿರುವ ನಿನ್ನ ತಮ್ಮ,
ಯೊಂಗ್