ಆಚೆ ದಡದವರ ಊಟ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ಹಿಂದೆಲ್ಲ ನಿನ್ನ ಹೆಸರಿನ ಮೊದಲು ಸೌಭಾಗ್ಯವತಿ ಎಂದು ಬರೆಯುತ್ತಿದ್ದೆ. ನಿನ್ನ ಗಂಡ ಹೋದಮೇಲೆ ಪೆನ್ನು ಅಲ್ಲಿಗೆ ಬಂದು ನಿಂತುಬಿಡುತ್ತದೆ. ಅದಕ್ಕೇ ಇಷ್ಟು ವರ್ಷ ಬರೆಯಲಿಲ್ಲ ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ಈ ಮನೆಯಿಂದ ನನಗೆ ಏನೂ ಬರಬಾರದು ಎಂದು ಹೇಳಿ ಹೋದವಳು ನೀನು. ಆ ಮಾತನ್ನು ಈವತ್ತು ಮೀರುತ್ತಿದ್ದೇನೆ. ನಿನ್ನ ಅಪ್ಪ ಸಾಯುತ್ತಿದ್ದಾರೆ.

ಕಾಯಿಲೆಯಿಂದಲ್ಲ, ಊಟ ಬಿಟ್ಟು. ತಟ್ಟೆ ಮುಂದಿಟ್ಟರೆ ಅವರದು ಒಂದೇ ಪ್ರಶ್ನೆ: “ಆಚೆ ದಡದವರು ಉಂಡರಾ?” ಉಂಡರು ಎಂದು ನಾನು ಹೇಳಿದರೆ ನಂಬದೆ ತಟ್ಟೆ ಸರಿಸಿ ಗೋಡೆಯ ಕಡೆಗೆ ಹೊರಳುತ್ತಾರೆ. ಡಾಕ್ಟರು ಬಂದು ನೋಡಿ, ವಯಸ್ಸಿನ ಅರಳುಮರಳು, ಇನ್ನೂ ಯುದ್ಧ ನಡೆಯುತ್ತಿದೆ ಎಂದುಕೊಂಡಿದ್ದಾರೆ, ಎದುರು ಮಾತಾಡದೆ ಅವರ ದಾರಿಯಲ್ಲೇ ಹೋಗಿ ಎಂದರು. ಹೀಗೇ ಹೊಟ್ಟೆಗೆ ಏನೂ ಬೀಳದಿದ್ದರೆ ಈ ವಾರ ದಾಟುವುದು ಕಷ್ಟ ಎಂದೂ ಬಾಗಿಲ ಬಳಿ ಹೇಳಿದರು.

ಈ ಹಟ ನಿನಗೆ ಹೊಸದಲ್ಲ. ದರ್ಜಿಯ ಮಗ, ಎರಡು ಹೊತ್ತು ಊಟ ಸಿಗುತ್ತದೆ ಎಂದೇ ಸೈನ್ಯಕ್ಕೆ ಸೇರಿದವರು. ಸಿಪಾಯಿಯಾಗಿದ್ದಾಗ ಒಬ್ಬ ಮೇಜರು ಗುಡಾರದಲ್ಲಿ ಕೋಳಿಯ ಕಾಲು ಕಚ್ಚುತ್ತ, ಇವರನ್ನು ಖಾಲಿ ಹೊಟ್ಟೆಯಲ್ಲಿ ಕಾವಲಿಗೆ ಅಟ್ಟಿದನಂತೆ. ತನ್ನ ಕೈಕೆಳಗಿನ ಕೊನೆಯವನು ಉಂಡಮೇಲೆಯೇ ತನ್ನ ತುತ್ತು ಎಂದು ಅವತ್ತು ಆಣೆಯಿಟ್ಟುಕೊಂಡರು. ಕ್ಯಾಪ್ಟನ್ ಆದರು, ಬ್ರಿಗೇಡಿಯರ್ ಆದರು, ಜನರಲ್ ಆಗಿ ಕಾರಿನ ಮೂತಿಗೆ ಬಾವುಟವೂ ಬಂತು. ಆದರೂ ಹೊತ್ತು ಹೊತ್ತಿಗೆ ಅಡುಗೆಯ ಹಂಡೆಯ ಪಕ್ಕ ಕೈಕಟ್ಟಿ ನಿಲ್ಲುವುದು ತಪ್ಪಲಿಲ್ಲ. ಸಿಪಾಯಿಗಳು ಅವರಿಗೆ ‘ಹಂಡೆ ಜನರಲ್’ ಎಂದು ಹೆಸರಿಟ್ಟಿದ್ದು ಗೊತ್ತಾದಾಗ ಪದಕ ಬಂದಷ್ಟು ಹಿಗ್ಗಿದ್ದರು.

ನಿನ್ನ ಮದುವೆಯಲ್ಲಿ ಬಡಿಸುವವರು, ಡ್ರೈವರುಗಳು ಎಲ್ಲರೂ ಉಂಡು ಮುಗಿಸುವ ಹೊತ್ತಿಗೆ ಇವರಿಗೆ ಉಳಿದದ್ದು ತಳ ಹಿಡಿದ ಅನ್ನ. ಆಗಷ್ಟೇ ಲೆಫ್ಟಿನೆಂಟ್ ಆಗಿದ್ದ ಅಳಿಯಂದಿರೂ ಮದುಮಗ ಎನ್ನುವುದನ್ನು ಮರೆತು ಪಕ್ಕದಲ್ಲೇ ನಿಂತು ಕಾದರು. ಈ ಮನೆಗೆ ಒಬ್ಬರು ಹುಚ್ಚರು ಸಾಲದೇ ಎಂದು ನೀನು ನಕ್ಕೆ.

ಯುದ್ಧದ ಸಂಗತಿ ನಿನಗೆ ಹೇಳಬೇಕಿಲ್ಲ. ಸೈನ್ಯವೆಲ್ಲ ನದಿ ದಾಟಿ ಈಚೆಗೆ ಬರುವವರೆಗೆ ಶತ್ರುವನ್ನು ತಡೆದು ನಿಲ್ಲಲು ಆಚೆ ಉಳಿದದ್ದು ನಿನ್ನ ಗಂಡನ ತುಕಡಿ. ಅವರು ದಾಟುವ ಮೊದಲೇ ಟ್ಯಾಂಕುಗಳು ಸೇತುವೆಯ ಹತ್ತಿರ ಬಂದುಬಿಟ್ಟವು. ಅತ್ತ ದರಿ, ಇತ್ತ ಪುಲಿ. ಅಳಿಯನಿಗಾಗಿ ಕಾದರೆ, ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದಕ್ಕೆ ಸುಣ್ಣ ಎಂದು ಜನ ಆಡಿಕೊಳ್ಳುತ್ತಾರೆಂದು ನಿನ್ನ ಅಪ್ಪ ಹೆದರಿದರೋ, ನಿಜವಾಗಿಯೂ ಬೇರೆ ದಾರಿಯೇ ಇರಲಿಲ್ಲವೋ, ನಾನು ಕೇಳಲಿಲ್ಲ. ಹೆಂಡತಿಯಾದವಳು ಕೇಳಬೇಕಾದ ಪ್ರಶ್ನೆಯೂ ಅದಲ್ಲ. ಸೇತುವೆಯನ್ನು ಸಿಡಿಮದ್ದಿಟ್ಟು ಹಾರಿಸಿ ಎಂದು ಆಜ್ಞೆ ಕೊಟ್ಟರು. ಈಚೆಯ ಊರು ಉಳಿಯಿತು. ಉಳಿದವರು ಮೆರವಣಿಗೆ ಮಾಡಿದರು. ನೀನು ಹೊಸ್ತಿಲಲ್ಲಿ ನಿಂತು ಅವರನ್ನು ಕೇಳಿದೆ, “ಅವತ್ತು ಯಾರೆಲ್ಲ ಉಂಡಮೇಲೆ ಉಂಡಿರಿ, ಅಪ್ಪಾ?” ಉತ್ತರಕ್ಕೂ ಕಾಯದೆ ಹೊರಟುಹೋದೆ.

ಆಮೇಲೆ ಅವರು ನಿವೃತ್ತರಾದರು. ಮೊದಮೊದಲು ಜನ ಭಾಷಣಕ್ಕೆ ಕರೆಯುತ್ತಿದ್ದರು, ಇವರು ಹೋಗಲಿಲ್ಲ, ಕರೆಯುವವರೂ ಮರೆತರು. ಕಿಟಕಿಯ ಪಕ್ಕದ ಕುರ್ಚಿ, ಟ್ರಾಮಿನ ಸದ್ದು, ಬಟ್ಟೆಗೆ ಗುಂಡಿ ಹೊಲಿಯುವ ಕೆಲಸ, ಇಷ್ಟೇ ಅವರ ಜೀವನವಾಯಿತು. ಮೊನ್ನೆ ನಮ್ಮ ಹಳೆಯ ಅಡುಗೆ ಹವಾಲ್ದಾರನನ್ನು ಕರೆಸಿದೆ. ಪಾಪ, ಪೆಟ್ಟಿಗೆಯ ತಳದಿಂದ ಸಮವಸ್ತ್ರ ತೆಗೆದು, ಗುಂಡಿ ಹಾಕಲು ಬಾರದ ಹೊಟ್ಟೆಯನ್ನು ಒಳಗೆಳೆದುಕೊಂಡು ಸೆಲ್ಯೂಟ್ ಹೊಡೆದ. ಎಲ್ಲರದೂ ಊಟವಾಯಿತು ಎಂದು ವರದಿ ಕೊಟ್ಟ. ಆಚೆ ದಡದವರದು ಎಂದು ಇವರು ಕೇಳಿದರು. ಅವನು ಸೆಲ್ಯೂಟ್ ಹೊಡೆದ ಕೈ ಇಳಿಸಿ ಹಿಂದೆ ಸರಿದ. ಅಡುಗೆಮನೆಗೆ ಬಂದು ಅತ್ತ.

ಅವರು ಉಣ್ಣದೆ ನಾನೂ ಉಣ್ಣೆ ಎನ್ನುವಂಥ ಪುಣ್ಯವಂತೆ ನಾನಲ್ಲ. ಉಣ್ಣುತ್ತೇನೆ, ಉಂಡು ಅವರ ಕೈ ಹಿಡಿದು ಕೂರುತ್ತೇನೆ. ಕೈಯಲ್ಲಿ ಮೂಳೆ ಬಿಟ್ಟರೆ ಏನೂ ಉಳಿದಿಲ್ಲ.

ಪುಟ್ಟಿ, ಒಂದು ಸಲ ಬಾ. ಹಾಸಿಗೆಯ ಪಕ್ಕ ನಿಂತು, ಅವರೆಲ್ಲ ದಾಟಿ ಬಂದರು, ಎಲ್ಲರೂ ಉಂಡರು ಎಂದು ಹೇಳಿಬಿಡು. ನಿನ್ನ ಗಂಡ ಬಂದದ್ದು ಮೊದಲು ತಿಳಿಯುವುದು ನಿನಗೇ ಅಲ್ಲವೇ? ನೀನು ಹೇಳಿದರೆ ನಂಬಿಯಾರು. ಗಂಡನನ್ನು ಕಳೆದುಕೊಂಡ ಮಗಳಿಗೆ ಇಂಥ ಮಾತು ಕಲಿಸುವವಳು ತಾಯಿಯೇ ಎಂದು ನೀನು ಕೇಳಬಹುದು. ಕೇಳು. ನನಗೆ ಬೇರೆ ಉಪಾಯವಿಲ್ಲ. ನಾನು ಸೋತುಹೋಗಿದ್ದೇನೆ.

ಇಂತಿ ನಿನ್ನ
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಗಂಜಿ ತೆಗೆದುಕೊಂಡು ಹೋದೆ. ಪುಟ್ಟಿ ಬರುತ್ತಾಳೆ, ಆಚೆ ದಡದವರ ಸುದ್ದಿ ಅವಳೇ ಹೇಳುತ್ತಾಳೆ ಎಂದೆ. ಅವರು ತಿರುಗಿ ನನ್ನ ಮುಖವನ್ನೇ ನೋಡಿದರು. ಆ ಕಣ್ಣಿನಲ್ಲಿ ಮರುಳು ಇರಲಿಲ್ಲ. “ಅವಳ ಬಾಯಲ್ಲಿ ಸುಳ್ಳು ಹೇಳಿಸಬೇಡ ಕಣೇ. ಅವರು ಯಾರೂ ಬರಲಿಲ್ಲ ಅಂತ ನಂಗೊತ್ತು. ಸೇತುವೆ ಹಾರಿಸಿದೆವಲ್ಲ, ಅವತ್ತು ಸಂಜೆ ತಟ್ಟೆ ತಂದಿಟ್ರು. ಹಸಿವಾಗಿತ್ತು, ಉಂಡುಬಿಟ್ಟೆ” ಎಂದರು. ಅಷ್ಟು ಹೇಳಿ ಗೋಡೆಯ ಕಡೆಗೆ ಹೊರಳಿದರು. ಕಾಗದ ಹರಿಯಲು ಮನಸ್ಸಾಗದೆ ಕಳಿಸುತ್ತಿದ್ದೇನೆ. ನೀನು ಬಂದು ಹೇಳುವಂಥದ್ದು ಈಗ ಏನೂ ಉಳಿದಿಲ್ಲ. ಅವರು ಕಾಯುತ್ತಿದ್ದಾರೆ ಎಂದು ನಾವು ತಿಳಿದಿದ್ದೆವು. ಅವರು ಯಾರಿಗಾಗಿಯೂ ಕಾಯುತ್ತಿಲ್ಲ.