ಬಾವಿಯ ಬೀಗ

ಮುರ್ಡೇಶ್ವರ
೧೨ ಡಿಸೆಂಬರ್ ೨೦೦೭

ಚಿ. ಭರತೇಶನಿಗೆ,
ನೀರಿಗೆ ಹೆದರುವ ನಿನ್ನ ಅಕ್ಕನ ಆಶೀರ್ವಾದಗಳು.

ನೀನು ನನಗೆ ತಿಳಿಸದೆ ಇಲ್ಲಿನ ಡೈವಿಂಗ್ ಮಾಸ್ತರರಿಗೆ ಫೋನು ಮಾಡಿದ್ದೆಯಂತೆ. "ನಮ್ಮ ಅಕ್ಕನ ಕಾಲಾಗ ಶಕ್ತಿ ಇಲ್ರಿ, ನೀರಂದ್ರ ಅಂಜತಾಳ, ವಾಪಸ್ ಕಳಸ್ರಿ" ಎಂದೆಯಂತೆ. ಇಳಿಯುತ್ತೀರಾ ಎಂದು ಅವರು ನನ್ನನ್ನೇ ಕೇಳಿದರು, ಹೂಂ ಎಂದೆ. ಗಾಲಿಕುರ್ಚಿಯನ್ನು ದೋಣಿಯಲ್ಲಿ ಬಿಟ್ಟೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿಗಿಳಿಸಿದರು. ಮಾಸ್ತರರು ಪಕ್ಕದಲ್ಲೇ ಇದ್ದರು, ಆದರೆ ಕೈಬೀಸಿ ಮುಂದೆ ಹೋದವಳು ನಾನೇ. ನನ್ನನ್ನು ಎತ್ತಿ ಉಸ್ಸೆನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಘೋಡಗೇರಿಯ ನಮ್ಮ ಬಾವಿಯಲ್ಲಿ ನಿನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದು ಯಾರು? "ಅಕ್ಕಾ, ಕೈ ಬಿಡಬ್ಯಾಡ" ಎಂದು ನೀನು ಅಳುತ್ತಿದ್ದೆ. ನಾನು ಬಿಟ್ಟೆ. ಅದಕ್ಕೇ ನಿನಗೆ ಈಜು ಬಂತು. ನಾನು ಟ್ರ್ಯಾಕ್ಟರಿನಿಂದ ಬಿದ್ದ ವರ್ಷ ನೀನು ಬಾವಿಗೆ ಜಾಲರಿ ಹಾಕಿಸಿ ಬೀಗ ಜಡಿದೆ. ನಾನು ಬಿದ್ದದ್ದು ಬಾವಿಗಲ್ಲವಲ್ಲ!

ಶುಕ್ರವಾರ ಬರುತ್ತೇನೆ. ಬೀಗದ ಕೈ ಹುಡುಕಿಡು. ನಿನ್ನ ಮಗಳು ತೃಪ್ತಿಗೆ ಈಜು ಕಲಿಸುತ್ತೇನೆ. ಅಟ್ಟದ ಮೇಲಿನ ಬುರುಡೆಯನ್ನೂ ಇಳಿಸಿಡು. ಅವಳಿಗೆ ನಾನಿದ್ದೇನೆ, ಅದು ದಂಡೆಯ ಮೇಲೆ ನಿಲ್ಲುವ ನಿನಗೆ ಬೇಕಾದೀತು.

ನಿನ್ನ ಅಕ್ಕ,
ತ್ರಿಶಲಾ