ವ್ಯಾನಿನ ಕೊನೆಯ ಮಗು

ಪುಳಿಕ್ಕರ
ಮಾರ್ಚ್ 9, ಗುರುವಾರ

ಪ್ರೀತಿಯ ಚೇಚಿ,

ಶನಿವಾರ ಮಸ್ಕತ್‌ಗೆ ಹಿಂದಿರುಗುವ ಸೆಲಿನ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಡುವೆ ನೀನು ಒಂದು ಮಾತು ಕೇಳಿದರೂ ನನಗೆ ಮುಂದೆ ಹೇಳಲಾಗುವುದಿಲ್ಲ.

ಜೋಜಿ ಚೇಟ್ಟನನ್ನು ಶಾಲೆಯ ವ್ಯಾನ್ ಕೆಲಸದಿಂದ ತೆಗೆದಿದ್ದಾರೆ. ಪೊಲೀಸ್ ಕೇಸೂ ಆಗಿದೆ. ವ್ಯಾನ್ ಎಂಜಿನ್ ರಿಪೇರಿಗೆ ಹೋಗಿದೆ, ಅದಕ್ಕೇ ಮನೆಯಲ್ಲಿದ್ದೇನೆ ಎಂದು ಅವರು ನಿನಗೆ ಹೇಳಿದ್ದು ಸುಳ್ಳು. ನಿನ್ನ ಗಂಡನ ಮೇಲೆ ವರದಿ ಬರೆದವಳು ನಿನ್ನ ತಂಗಿಯಾದ ನಾನೇ.

ಅಮ್ಮಚ್ಚಿಯನ್ನು ನೋಡಿಕೊಳ್ಳುವ ಹೆಂಗಸು ಮೂರು ಗಂಟೆಗೆ ಹೊರಟುಬಿಡುತ್ತಾಳೆ, ನಿನಗೆ ಗೊತ್ತು. ಲಕ್ವ ಹೊಡೆದ ಮೇಲೆ ನಿನ್ನ ಅತ್ತೆ ತಾವಾಗಿ ಮಗ್ಗುಲು ಕೂಡ ಬದಲಿಸಲಾರರು. ಹಾಗಾಗಿ ಚೇಟ್ಟ ದಿನವೂ ನಾಲ್ಕು ಗಂಟೆಗೆ ವ್ಯಾನನ್ನು ಮನೆಯ ಮುಂದೆ ನಿಲ್ಲಿಸಿ ಒಳಗೆ ಹೋಗುತ್ತಿದ್ದರು. ಅಷ್ಟರಲ್ಲಿ ಎಲ್ಲ ಮಕ್ಕಳೂ ಇಳಿದಿರುತ್ತಾರೆ. ಆಯಾ ಕೂಡ ತನ್ನ ಮನೆ ಬಂದಾಗ ಇಳಿದಿರುತ್ತಾಳೆ. ಉಳಿಯುವವಳು ಒಂದನೇ ಕ್ಲಾಸಿನ ಆವಣಿ ಒಬ್ಬಳೇ. ಅವಳ ಮನೆ ಅಲ್ಲಿಂದ ಇನ್ನೂ ಮುಂದೆ. ಅವಳನ್ನು ವ್ಯಾನಿನೊಳಗೆ ಕೂರಿಸಿ, ಬಾಗಿಲಿಗೆ ಲಾಕ್ ಹಾಕಿ ಹೋಗುತ್ತಿದ್ದರು.

ಸೋಮವಾರ ಅಮ್ಮಚ್ಚಿ ಹಾಸಿಗೆಯಲ್ಲೇ ಮಾಡಿಕೊಂಡಿದ್ದರಂತೆ. ತೊಳೆದು, ಬಟ್ಟೆ ಬದಲಿಸಿ, ಹಾಸಿಗೆ ಹಾಸುವಷ್ಟರಲ್ಲಿ ನಲವತ್ತು ನಿಮಿಷ. ಈ ಮಾರ್ಚ್ ಬಿಸಿಲಿನಲ್ಲಿ! ಬಂದು ನೋಡಿದರೆ ಮಗು ಸೀಟಿನ ಕೆಳಗೆ ಬಿದ್ದಿತ್ತು, ಎಚ್ಚರವಿರಲಿಲ್ಲ. ಅವರೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಎರಡು ದಿನ ಡ್ರಿಪ್ ಹಾಕಿದ್ದರು. ನಿನ್ನೆ ಮನೆಗೆ ಬಂದಿದ್ದಾಳೆ.

ಶಾಲೆಯ ಸುರಕ್ಷತಾ ಸಮಿತಿಯ ಕೆಲಸ ನನ್ನ ತಲೆಗೆ ಕಟ್ಟಿದ್ದು ನಮ್ಮ ಹೆಡ್‌ಮಾಷೇ. ಹೊಸಬಳು, ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು, ಅಕ್ಷರ ಚಂದ, ಬರೆಯುವುದು ಇವಳೇ ಆಗಲಿ ಎಂದಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಟಾರ್ಚ್ ಹಿಡಿದು ಕ್ಲಾಸುಗಳ ಮೂಲೆಯಲ್ಲಿ ಹಾವಿನ ಬಿಲ ಹುಡುಕುತ್ತೇನೆ. ಬಾವಿಯ ಬಲೆ ನೋಡುತ್ತೇನೆ, ಗೇಟಿನ ಚಿಲಕ ನೋಡುತ್ತೇನೆ. ವ್ಯಾನ್ ಗೇಟು ದಾಟಿತೆಂದರೆ ಆ ದಿನದ ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ.

ಮಂಗಳವಾರ ವರದಿಯ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಾಗ ಮಾಷ್ ಪಕ್ಕದ ಕುರ್ಚಿಗೆ ಬಂದರು. "ಟೀಚರೇ, ಮಗು ಹುಷಾರಾಗ್ತಿದೆಯಲ್ಲ? ಬಿಸಿಲಿಗೆ ತಲೆ ಸುತ್ತಿ ಬಿತ್ತು ಅಂತ ಬರೆದುಬಿಡಿ. ಅದೇನು ಸುಳ್ಳಲ್ವಲ್ಲ! ನಿಮ್ಮ ಮನೆ ಮಾನಾನೂ ಉಳಿಯುತ್ತೆ, ನಮ್ಮ ಶಾಲೆಯದೂ ಉಳಿಯುತ್ತೆ" ಎಂದರು.

ಬರೆಯುತ್ತಿದ್ದೆನೇನೋ ಚೇಚಿ. ಆದರೆ ಅದಕ್ಕೆ ಮೊದಲು ಆಸ್ಪತ್ರೆಗೆ ಹೋಗಿಬಂದಿದ್ದೆ. ಆವಣಿಯ ತಾಯಿ ಪ್ರಜಿತ ಸೀಗಡಿ ಸುಲಿಯುವ ಶೆಡ್ಡಿನಿಂದ ಹಾಗೇ ಬಂದವಳು, ಬೆರಳಿಗೆ ಸುತ್ತಿದ ಬಟ್ಟೆ ಕೂಡ ಬಿಚ್ಚಿರಲಿಲ್ಲ. ಕೂಗಾಡುತ್ತಾಳೆ ಎಂದುಕೊಂಡಿದ್ದೆ. "ಜೋಜಿ ಒಳ್ಳೆಯವನು ಅಂತ ನಂಗೇನು ಹೇಳ್ತೀರಿ ಟೀಚರ್, ನಂಗೊತ್ತಿಲ್ವಾ? ಆ ಒಳ್ಳೆಯವನ ವ್ಯಾನಲ್ಲೇ ನನ್ನ ಮಗು ಬೆಂದಿದ್ದು" ಎಂದಳು. ನಾನು ತಂದಿದ್ದ ಕಿತ್ತಳೆ ಹಣ್ಣಿನ ಚೀಲವನ್ನು ಮಂಚದ ಕೆಳಗಿಟ್ಟೆ.

ಆವಣಿಗೆ ಮಾತ್ರ ಬೇರೆಯೇ ಯೋಚನೆ. "ಟೀಚರ್, ಚೇಟ್ಟನ ಅಮ್ಮಂಗೆ ಡೈಪರ್ ಹಾಕ್ತಾರಂತೆ. ಅವರು ನನಗಿಂತ ಚಿಕ್ಕೋರಾ?" ಎಂದು ಕೇಳಿದಳು. ತಾಯಿ ಗದರಿದಳು. ನನಗೆ ನಗು ಬಂತು, ಆಮೇಲೆ ಅಲ್ಲಿ ನಿಲ್ಲಲಾಗಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮಾಷ್ ಚೇಟ್ಟನನ್ನೂ ಕರೆಸಿದರು. ಹೀಗೆ ಬಿಟ್ಟು ಹೋಗುವುದು ಶಾಲೆಯಲ್ಲಿ ಯಾರಿಗಾದರೂ ಗೊತ್ತಿತ್ತಾ ಎಂದು ಕೇಳಿದ್ದಕ್ಕೆ, "ಇಲ್ಲ ಮಾಷೇ, ಒಬ್ಬರಿಗೂ ಗೊತ್ತಿರಲಿಲ್ಲ. ತಪ್ಪು ನಂದೇ" ಎಂದರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, "ಎಂ.ಎ. ಟೀಚರು ಚೆನ್ನಾಗೇ ಬರೆದಿರ್ತೀರಿ ಬಿಡಿ" ಎಂದು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

ನೀನು ನನ್ನ ಮೇಲೆ ಸಿಟ್ಟಾಗು. ಆದರೆ ಅವರ ಮೇಲೆ ಆಗಬೇಡ. ಇಲ್ಲಿ ಎಲ್ಲರೂ ದಣಿದಿದ್ದೇವೆ. ನೀನು ಅಲ್ಲಿ ಎರಡೆರಡು ಡ್ಯೂಟಿ ಮಾಡಿ ದಣಿದಿದ್ದೀಯ, ಅವರು ಇಲ್ಲಿ. ಆ ದಣಿವಿನ ನಡುವೆ ಆರು ವರ್ಷದ ಮಗು ಸಿಕ್ಕಿಹಾಕಿಕೊಂಡಿತು.

ನಿನ್ನ ತಂಗಿ,
ಟ್ರೀಸಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮಗುವನ್ನು ಒಂಟಿಯಾಗಿ ಬಿಡುವುದು ನಿಮಗೆ ಯಾವಾಗ ತಿಳಿಯಿತು ಎಂಬ ಪ್ರಶ್ನೆ ವರದಿಯಲ್ಲಿದೆ. ಮಾರ್ಚ್ ಆರು ಎಂದು ಬರೆದೆ. ನನಗೆ ಕಳೆದ ಜೂನ್‌ನಲ್ಲೇ ಗೊತ್ತಿತ್ತು. ಒಂದು ದಿನ ಬಸ್ಸಿನಿಂದ ಇಳಿದವಳು ನೋಡಿದೆ. ಜೋರು ಮಳೆ, ಮನೆಯ ಮುಂದಿನ ಕಾಲುವೆ ತುಂಬಿ ಹರಿಯುತ್ತಿತ್ತು, ವ್ಯಾನಿನ ಬಾಗಿಲು ತೆರೆದಿತ್ತು, ಮಗು ಮೆಟ್ಟಿಲ ಮೇಲೆ ಕೂತಿತ್ತು. "ಇನ್ನು ಮೇಲೆ ಲಾಕ್ ಹಾಕಿ ಹೋಗಿ ಚೇಟ್ಟಾ" ಎಂದವಳು ನಾನೇ. ಅವರು ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ನಾಳೆ ಹೋಗಿ ಆ ತಾರೀಖು ತಿದ್ದಿಸುತ್ತೇನೆ. ನನ್ನ ಕೆಲಸವೂ ಹೋಗಬಹುದು. ಚೇಟ್ಟನಿಗೆ ಹೇಳಿಲ್ಲ. ಹೇಳಿದರೆ ಬೇಡ ಎನ್ನುತ್ತಾರೆ, ಅವರು ಬೇಡ ಎಂದರೆ ನಾನು ನಿಂತುಬಿಡುತ್ತೇನೆ. ಅದಕ್ಕೇ ಮೊದಲು ನಿನಗೆ ಬರೆದೆ.